ಬಲಗೈಯ ನಾಲ್ಕು ಉಗುರು

ನನ್ನ ಕೈಚೀಲದಲ್ಲಿ ಬಾಚಣಿಗೆ ಇಲ್ಲದ ದಿನ ಇದ್ದೀತು, ಬಸ್ಸಿಗೆ ಚಿಲ್ಲರೆ ಇಲ್ಲದ ದಿನವಂತೂ ಬೇಕಾದಷ್ಟು. ಆದರೆ ವಾಟರ್ ಪೇಪರಿನ ಚೂರೊಂದು ಇಲ್ಲದ ದಿನ ಮಾತ್ರ ಇಲ್ಲ. ಗ್ಯಾರೇಜಿನವರು ಜಜ್ಜಿಹೋದ ಕಾರಿಗೆ ಹೊಸ ಬಣ್ಣ ಹೊಡೆಯುವ ಮುನ್ನ ನೀರು ಚಿಮುಕಿಸಿ ತಿಕ್ಕುತ್ತಾರಲ್ಲ, ಮುಟ್ಟಿದರೆ ಬಟ್ಟೆಯೋ ಕಾಗದವೋ ತಿಳಿಯದಷ್ಟು ನಯವಾದ ಆ ಕಪ್ಪು ಹಾಳೆ, ಅದೇ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಅಂಗಡಿಯವರು ಗಾಡಿ ಯಾವುದು ಎಂದು ವಿಚಾರಿಸಿದರು. ಗಾಡಿಗಲ್ಲ, ಉಗುರಿಗೆ ಎಂದೆ. ಅವರು ನಗಲು ಬಾಯಿ ತೆರೆದವರು ನನ್ನ ಬಲಗೈ ನೋಡಿ, ಎಡಗೈ ನೋಡಿ, ನಗುವನ್ನು ಅಲ್ಲಿಗೇ ನುಂಗಿ ಹಾಳೆಯನ್ನು ಸುತ್ತಿಕೊಟ್ಟರು. ಅಂದಿನಿಂದ ಆ ಅಂಗಡಿಯಲ್ಲಿ ನನ್ನ ಹೆಸರು ಉಗುರಿನ ಮೇಡಂ.

ನಿಮಗೂ ಈಗ ನನ್ನ ಕೈ ನೋಡುವ ಕುತೂಹಲ ಹುಟ್ಟಿರಬೇಕು, ತೋರಿಸುತ್ತೇನೆ, ಸಂಕೋಚವೇನಿಲ್ಲ. ಎಡಗೈಯ ಉಗುರುಗಳನ್ನು ಮಾಂಸದ ಅಂಚಿನವರೆಗೆ ಕತ್ತರಿಸಿರುತ್ತೇನೆ. ಬಲಗೈಯಲ್ಲಿ ಕಿರುಬೆರಳನ್ನು ಬಿಟ್ಟು ಉಳಿದ ನಾಲ್ಕಕ್ಕೂ ಉಗುರು ಬಿಟ್ಟಿದ್ದೇನೆ, ಒಂದೊಂದಕ್ಕೂ ಒಂದೊಂದು ಓರೆ. ನಾನು ಕ್ಲಾಸಿಕಲ್ ಗಿಟಾರ್ ಬಾರಿಸುವವಳು. ನನ್ನ ಗಿಟಾರಿಗೆ ವಿದ್ಯುತ್ತಿನ ವಯರಿಲ್ಲ, ಕೈಯಲ್ಲಿ ಹಿಡಿದು ಗೀರುವ ಪ್ಲಾಸ್ಟಿಕ್ ಬಿಲ್ಲೆಯಿಲ್ಲ, ತಂತಿಗಳಲ್ಲಿ ಮೂರು ನೈಲಾನಿನವು. ಬೆರಳಿನ ಮಾಂಸ ಮೊದಲು ತಂತಿಯನ್ನು ಮುಟ್ಟಿ, ಕೂಡಲೇ ಉಗುರಿನ ಅಂಚಿಗೆ ಜಾರಿಸಿ ಬಿಡುತ್ತದೆ. ಆ ಜಾರುವ ಕ್ಷಣದಲ್ಲಿ ನಾದ ಹುಟ್ಟುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒರಟಿದ್ದರೂ ಕಿವಿಗೆ ಕೇಳಿಸುತ್ತದೆ, ಅದಕ್ಕೇ ಗ್ಯಾರೇಜಿನವರ ಕಾಗದ. ಉಗುರು ಮುರಿದರೆ ಮತ್ತೆ ಸರಿಯಾಗಿ ಬರಲು ತಿಂಗಳುಗಳು ಬೇಕು, ಆ ತಿಂಗಳುಗಳಲ್ಲಿ ನಾನು ಅರ್ಧ ಮೂಕಿ. ಹೀಗಾಗಿ ಬಾಗಿಲ ಚಿಲಕವನ್ನು ಎಡಗೈಯಲ್ಲಿ ತೆಗೆಯುತ್ತೇನೆ, ಪಾತ್ರೆಯನ್ನು ಬಟ್ಟೆ ಸುತ್ತಿ ತಿಕ್ಕುತ್ತೇನೆ, ಬದನೆಕಾಯಿ ಎಣ್ಣೆಗಾಯಿ ಉಂಡ ದಿನ ಉಗುರಿನ ಸಂದಿಯ ಅರಿಶಿಣ ಹೋಗಲು ನಿಂಬೆಹೋಳಿನೊಡನೆ ಗುದ್ದಾಡುತ್ತೇನೆ.

ಇಷ್ಟನ್ನು ನೀವು ಸಮಾಧಾನದಿಂದ ಕೇಳಿದಿರಿ. ನಿಮ್ಮಂಥವರು ಕಡಿಮೆ. ನಾನು ಸಮಾಧಾನದ ಹೆಂಗಸಲ್ಲ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಸಿಟ್ಟಿದೆ, ಅದು ನಿನ್ನೆ ಮೊನ್ನೆಯದಲ್ಲ, ಹದವಾಗಿ ಕುದ್ದು ತಳ ಹಿಡಿದ ಸಿಟ್ಟು. ನಾನು ಮಾನ್ವಿಯ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ, ಮನೆ ರಾಯಚೂರಿನಲ್ಲಿ, ಗಂಡನಿಗೆ ಶಕ್ತಿನಗರದಲ್ಲಿ ನೌಕರಿ. ವಾರಕ್ಕೊಮ್ಮೆ ಕಾಲೇಜಿನ ಮಕ್ಕಳಿಗೆ ಗಿಟಾರ್ ಕೇಳಿಸಲು ಅದನ್ನು ಬಸ್ಸಿನಲ್ಲಿ ಒಯ್ಯುತ್ತೇನೆ. ಪೆಟ್ಟಿಗೆ ನೋಡಿದ ಕಂಡಕ್ಟರ್ ಅದಕ್ಕೊಂದು ಟಿಕೇಟು ಹರಿಯಬೇಕೋ ಬೇಡವೋ ಎಂದು ಯೋಚಿಸುವುದು ನ್ಯಾಯವೇ. ಆದರೆ ಪಕ್ಕದಲ್ಲಿ ಕುಳಿತವರು ರಾಯಚೂರು ದಾಟುವುದರೊಳಗೆ ಶುರುಮಾಡುತ್ತಾರೆ: ಆರ್ಕೆಸ್ಟ್ರಾದವರೇನು, ಮದುವೆಗೆ ಬರುತ್ತೀರೇನು, ಹಾಡೂ ಬರುತ್ತದೇನು. ಹಾಡು ಬರುವುದಿಲ್ಲ ಎಂದರೆ ಅವರ ಮುಖದಲ್ಲಿ ಮೂಡುವ ಮರುಕವನ್ನು ನೀವು ನೋಡಬೇಕು. ಹಾಡಿಲ್ಲದ ಗಿಟಾರು ಅವರ ಲೆಕ್ಕದಲ್ಲಿ ಸಾರಿಲ್ಲದ ಅನ್ನ.

ಕ್ಲಾಸಿಕಲ್ ಎಂಬ ಮಾತೂ ನನ್ನ ಬೆನ್ನು ಬಿಡದ ಬೇತಾಳ. ಅದನ್ನು ಕೇಳಿದ ಕೂಡಲೇ ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು, ಹಾಗಾದರೆ ಒಂದು ಭೈರವಿ ಆಗಲಿ ಎನ್ನುತ್ತಾರೆ. ಇದು ಬೇರೆ ಸಂಪ್ರದಾಯ, ಬರೆದಿಟ್ಟ ರಚನೆಗಳನ್ನು ಓದಿ ಕಲಿತು ಬಾರಿಸುವುದು, ಐದಾರು ಸ್ವರಗಳು ಒಟ್ಟೊಟ್ಟಿಗೆ ಮಾತಾಡುವುದು ಎಂದು ವಿವರಿಸಿದರೆ, ಅಂದರೆ ನಮ್ಮದಲ್ಲ ಎಂದು ತೀರ್ಪು ಕೊಟ್ಟು ಚಹಾ ಕುಡಿಯಲು ಏಳುತ್ತಾರೆ. ಅವರ ಕೊರಳಿನ ಟೈ, ಕುಡಿಯುವ ಚಹಾ, ಬೆಳಗ್ಗೆ ತಿಂದ ಉಪ್ಪಿಟ್ಟಿನ ಟೊಮೇಟೊ, ಇವು ಯಾವಾಗ ನಮ್ಮವಾದವು ಎಂದು ಇತಿಹಾಸದ ಮೇಡಂ ಆಗಿ ನಾನು ಕೇಳಬಹುದು, ಕೇಳಿದ್ದೂ ಇದೆ. ಆ ದಿನದಿಂದ ಅವರು ನನ್ನ ಹಿಂದೆ ಭಾಳ ಮಾತಿನವಳು ಎನ್ನುತ್ತಾರಂತೆ, ಅನ್ನಲಿ.

ಇನ್ನು ಬಾಡಿಗೆ ಮನೆ ಹುಡುಕುವಾಗ ಎದುರಾದ ಪ್ರಶ್ನೆ. ಗಿಟಾರಿನ ಪೆಟ್ಟಿಗೆಯನ್ನು ಕಂಡ ಮನೆಯೊಡತಿ ಧ್ವನಿ ತಗ್ಗಿಸಿ, ನೀವು ಚರ್ಚಿನವರೇನು ಎಂದಿದ್ದರು. ಅಲ್ಲವೆಂದರೆ ಮನೆ ಸಿಗುತ್ತಿತ್ತು, ಹೌದೆಂದಿದ್ದರೆ ನೀರಿನ ತೊಂದರೆ ಇದೆ ಎಂಬ ನೆವ ಸಿದ್ಧವಿತ್ತು. ಆಗಿದ್ದರೆ ಏನು ತಪ್ಪಿತ್ತು ಎಂದು ಕೇಳಿ ಆ ಮನೆಯ ಮೆಟ್ಟಿಲಿಳಿದೆ, ಗಂಡ ಹಿಂದೆ ಹಿಂದೆ ಬಂದು ಮನೆ ಚೊಲೋ ಇತ್ತಲ್ಲ ಎಂದು ಗೊಣಗಿದ. ಒಂದು ವಾದ್ಯದ ಮೇಲೆ ಇಷ್ಟು ಜನ ಇಷ್ಟು ತರಹದ ಸಂಶಯವನ್ನು ಇಳಿಸಬಹುದು ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ನಮ್ಮ ಸೀಮೆಯವರಿಗೆ ಸಂಗೀತ ತಿಳಿಯದು ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಆ ಮಾತು ಹೇಳಿದವರೊಡನೆ ಜಗಳಕ್ಕೆ ಮೊದಲು ನಿಲ್ಲುವವಳು ನಾನೇ. ಬೆಳಗಾಗುವವರೆಗೆ ಏಕತಾರಿ ಹಿಡಿದು ತತ್ವಪದ ಹಾಡುವವರು ನಮ್ಮಲ್ಲಿದ್ದಾರೆ, ಮೊಹರಮ್ಮಿನ ಹಲಗೆಯ ಪೆಟ್ಟಿಗೆ ಎದೆ ನಡುಗುತ್ತದೆ, ಭಜನೆಯ ಹಾರ್ಮೋನಿಯಂ ಇಲ್ಲದ ಓಣಿಯಿಲ್ಲ. ಆದರೆ ಇಲ್ಲಿ ಪ್ರತಿ ವಾದ್ಯಕ್ಕೂ ಒಂದು ಕೆಲಸ ಗೊತ್ತಾಗಿರುತ್ತದೆ. ಸನಾದಿ ಮದುವೆಗೆ, ಹಲಗೆ ಮೆರವಣಿಗೆಗೆ, ತಾಳ ಭಜನೆಗೆ, ಗಿಟಾರು ಸಿನೆಮಾದ ಹೀರೋ ಕಾಲೇಜಿನ ಮೆಟ್ಟಿಲ ಮೇಲೆ ಕೂರುವುದಕ್ಕೆ. ಒಬ್ಬ ನಡುವಯಸ್ಸಿನ ಹೆಂಗಸು, ಯಾವ ಸಮಾರಂಭವೂ ಇಲ್ಲದೆ, ಯಾವ ದೇವರಿಗೂ ಅಲ್ಲದೆ, ನಸುಕಿನಲ್ಲಿ ಎದ್ದು ಎಡಗಾಲನ್ನು ಮಣೆಯ ಮೇಲಿಟ್ಟು ಸುಮ್ಮನೆ ಬಾರಿಸುವುದೆಂದರೆ ಅದನ್ನು ಯಾವ ಕಪಾಟಿನಲ್ಲಿಡಬೇಕೆಂದು ಜನಕ್ಕೆ ತೋಚುವುದಿಲ್ಲ. ತೋಚದೆ ಇರುವುದು ತಪ್ಪಲ್ಲ. ತೋಚದ್ದನ್ನು ಕೇಳಿ ತಿಳಿಯುವ ಬದಲು ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದು ಪ್ರಶ್ನೆಯ ವೇಷ ಹಾಕಿ ಕೇಳುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ಓದುವ ದಿನಗಳಲ್ಲಿ ಹೈದರಾಬಾದಿನಲ್ಲಿ ನಾನಿದ್ದ ಹಾಸ್ಟೆಲಿನ ಹಿಂದಿನ ಓಣಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಗಿಟಾರ್ ಕಲಿಸುತ್ತಿದ್ದರು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋದವಳು ಆ ನಾದ ಕೇಳಿ ಬಕೆಟ್ಟನ್ನು ಅಲ್ಲೇ ಬಿಟ್ಟು ಇಳಿದು ಹೋದೆ. ಮೊದಲ ದಿನ ಅವರು ನನಗೆ ಗಿಟಾರ್ ಕೊಡಲಿಲ್ಲ, ನನ್ನ ಬಲಗೈಯನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಒಂದೊಂದೇ ಉಗುರನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಕೈಯನ್ನು ಅಷ್ಟು ಗೌರವದಿಂದ ಅದುವರೆಗೆ ಯಾರೂ ನೋಡಿರಲಿಲ್ಲ, ವಧುಪರೀಕ್ಷೆಗೆ ಬಂದವರಂತೂ ನೋಡಿರಲೇ ಇಲ್ಲ.

ಮದುವೆಯಾಗಿ ದೇವದುರ್ಗದ ಮನೆಗೆ ಸೊಸೆಯಾಗಿ ಹೋದ ಮೇಲೆ ನನ್ನ ಉಗುರಿಗೆ ನಿಜವಾದ ವೈರಿ ಸಿಕ್ಕಿತು: ಜೋಳದ ರೊಟ್ಟಿ. ನಮ್ಮಲ್ಲಿ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ. ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ತಟ್ಟುತ್ತ, ತಿರುಗಿಸುತ್ತ, ಬೆರಳ ತುದಿಯಿಂದ ಅಂಚನ್ನು ಹಿಗ್ಗಿಸುತ್ತ ಹೋಗಬೇಕು; ಬೆರಳ ತುದಿಯಲ್ಲಿ ಉಗುರಿದ್ದರೆ ಅಂಚು ಹರಿಯುತ್ತದೆ, ಅಂಚು ಉಳಿದರೆ ಉಗುರು ಹೋಗುತ್ತದೆ. ರಾಯಚೂರಿನ ನನ್ನ ಅಡುಗೆಮನೆಯಲ್ಲಿ ನಾನು ಲಟ್ಟಣಿಗೆ ಹಿಡಿಯುತ್ತೇನೆ. ದೇವದುರ್ಗದಲ್ಲಿ ಹಿಡಿದರೆ ಮಾನ ಹೋದಂತೆ. ಅಲ್ಲಿಗೆ ಹೋದಾಗಲೆಲ್ಲ ನಾನು ನೀರು ಕಾಯಿಸುವ, ಬೇಯಿಸುವ, ಜೋಡಿಸಿಡುವ ಕೆಲಸ ಹುಡುಕಿಕೊಂಡು ದಿನ ದೂಡಿದ್ದೆ. ಅತ್ತೆ ಒಮ್ಮೆಯೂ ನನ್ನನ್ನು ಬಡಿ ಎಂದಿರಲಿಲ್ಲ. ಗಿಟಾರಿನ ಬಗ್ಗೆಯೂ ಒಂದು ಮಾತು ಕೇಳಿರಲಿಲ್ಲ. ಅವರ ಮೌನವನ್ನು ನಾನು ಅಸಡ್ಡೆ ಎಂದೇ ಓದಿಕೊಂಡಿದ್ದೆ.

ಈ ವರ್ಷ ನನ್ನ ಮೈದುನ ಬಸವರಾಜನ ಮದುವೆ ಗೊತ್ತಾಯಿತು. ಮದುವೆಗೆ ಮೊದಲು ಅವನಿಗೆ ಫೋಟೋ ತೆಗೆಸುವ ಹುಕಿ. ದೇವಸುಗೂರಿನ ಹೊಳೆದಂಡೆಗೆ ಹುಡುಗಿಯೊಡನೆ ಹೋಗುವವನು ನನ್ನ ಗಿಟಾರ್ ಬೇಡಿದ. ಬಾರಿಸಲಿಕ್ಕಲ್ಲ ವೈನಿ, ಹಿಡಕೊಳ್ಳಲಿಕ್ಕೆ ಎಂದ, ಅದೇನೋ ನನಗೆ ಧೈರ್ಯ ತುಂಬುವ ಮಾತೆಂಬಂತೆ. ಕೊಡಲಿಲ್ಲ. ಅವನು ಯಾರದೋ ಕೆಂಪು ಗಿಟಾರ್ ತಂದು, ತಂತಿಗಳನ್ನು ಎದೆಗೆ ಆನಿಸಿ, ಹಿಂಬದಿಯ ಹಲಗೆಯನ್ನು ಹುಡುಗಿಯ ಕಡೆ ತಿರುಗಿಸಿ ನಿಂತ ಫೋಟೋ ಈಗ ಇಡೀ ಬಳಗದ ಮೊಬೈಲಿನಲ್ಲಿದೆ. ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.

ಅದೇ ಹೊತ್ತಿಗೆ ನನಗೊಂದು ಕರೆ ಬಂತು. ರಾಯಚೂರಿನಲ್ಲಿ ನಾಲ್ಕಾರು ಸಂಗೀತಾಸಕ್ತರು ಸೇರಿ ತಿಂಗಳಿಗೊಮ್ಮೆ ಶಾಲೆಯೊಂದರ ಹಾಲಿನಲ್ಲಿ ಬೈಠಕ್ ನಡೆಸುತ್ತಾರೆ. ಸಿತಾರು, ತಬಲಾ, ವಚನಗಾಯನ ಇವೇ ಹೆಚ್ಚು. ಅದನ್ನು ನೋಡಿಕೊಳ್ಳುವ ನಿವೃತ್ತ ಮೇಷ್ಟ್ರು, ನೀವು ಏನು ಬಾರಿಸುತ್ತೀರೋ ಅದನ್ನೇ ಬಾರಿಸಿ, ನಾವು ಕೇಳುತ್ತೇವೆ ಎಂದರು. ಕೈಯಿಲ್ಲದ ಕುರ್ಚಿ ಬೇಕು ಎಂದೆ, ಹುಡುಕಿಸುತ್ತೇನೆ ಎಂದರು. ಅಷ್ಟೇ ಮಾತು. ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಸ್ವಂತ ಊರಿನಲ್ಲಿ ನನ್ನ ಮೊದಲ ಕಛೇರಿ ಅದು, ಅದಕ್ಕಾಗಿ ಒಂದು ರಚನೆಯನ್ನು ವರ್ಷಗಟ್ಟಲೆ ತಿದ್ದಿಟ್ಟುಕೊಂಡಿದ್ದೆ. ಹೆಬ್ಬೆರಳು ಕೆಳಗೆ ನಡೆಯುತ್ತಿರುವಾಗ ಉಳಿದ ಮೂರು ಬೆರಳು ಒಂದೇ ತಂತಿಯ ಮೇಲೆ ಬೆನ್ನುಬೆನ್ನಿಗೆ ಬಿದ್ದು ಸ್ವರ ಎಲ್ಲೂ ಕಡಿಯದೆ ನಡುಗುತ್ತ ಹರಿಯುವ ರಚನೆ. ಅದಕ್ಕೆ ಉಗುರು ಬೇಕೇ ಬೇಕು. ಬೈಠಕ್ಕು ನಿಗದಿಯಾದದ್ದು ಮದುವೆಯ ವಾರದ ಕೊನೆಗೆ ಬರುವ ಭಾನುವಾರಕ್ಕೆ, ಅಂದರೆ ಮದುವೆ ಮನೆಯ ಕೆಲಸವನ್ನೆಲ್ಲ ದಾಟಿ ನಾನು ಈ ನಾಲ್ಕು ಉಗುರುಗಳನ್ನು ಜೋಪಾನವಾಗಿ ರಾಯಚೂರಿಗೆ ತರಬೇಕಾಗಿತ್ತು.

ಮದುವೆಗೆ ಮೂರು ದಿನ ಮುಂಚೆ, ಸೋಮವಾರ, ದೇವದುರ್ಗದ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಶುರುವಾಯಿತು. ಬೀಗರ ಊಟಕ್ಕೆ ಬೇಕಾದ, ಒಣಗಿಸಿಡುವ ಕಟಕ ರೊಟ್ಟಿಯನ್ನು ಓಣಿಯ ಹೆಂಗಸರೆಲ್ಲ ಬಂದು ಎರಡು ದಿನ ಬಡಿದುಕೊಡುವುದು ವಾಡಿಕೆ. ಯಾರ ಮನೆಯ ಮದುವೆಯಾದರೂ ಹಾಗೇ, ಕೂಲಿಯ ಮಾತೇ ಇಲ್ಲ. ಹಿತ್ತಲಲ್ಲಿ ಸಾಲಾಗಿ ಒಲೆ ಹೂಡಿದ್ದರು. ಮನೆಯ ಹಿರಿ ಸೊಸೆ ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದ ಮೇಲೆಯೇ ಉಳಿದವರು ಹಿಟ್ಟು ಮುಟ್ಟಬೇಕು. ಹಿರಿ ಸೊಸೆ ನಾನು. ಈ ಪದ್ಧತಿ ನನಗೆ ಗೊತ್ತಿರಲಿಲ್ಲ. ನಾನು ಬಂದ ಮೇಲೆ ಆ ಮನೆಯಲ್ಲಿ ಇದೇ ಮೊದಲ ಮದುವೆ.

ಓಣಿಗೆಲ್ಲ ಹಿರಿಯರಾದ ಶಂಕ್ರಮ್ಮ ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅವರ ಕಣ್ಣು ನನ್ನ ಬೆರಳ ಮೇಲೆ ಬಿತ್ತು, ಆಮೇಲೆ ಎಲ್ಲರ ಕಣ್ಣೂ.

"ಇದ್ಯಾಕವ್ವ ಶೈಲಾ, ಒಂದ ಕೈಯಾಗ ಹಿಂಗ ಉಗುರ ಬಿಟ್ಟೀ?"

ನಾನು ಉತ್ತರ ಹೇಳಲು ಸಿದ್ಧಳಾಗಿದ್ದೆ. ಗಿಟಾರು, ತಂತಿ, ನಾದ, ಭಾನುವಾರ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಬೆನ್ನ ಹಿಂದೆ ನಿಂತಿದ್ದ ಅತ್ತೆ ನನಗಿಂತ ಮೊದಲು ಬಾಯಿ ತೆರೆದರು.

"ಹರಕಿ ಅದರೀ ಅಕಿದು. ಸುಗೂರೇಶ್ವರಗ ಬಿಟ್ಟಾಳ."

ಗಡ್ಡ ಬಿಟ್ಟು ಹರಕೆ ಹೊತ್ತವರನ್ನು ನಾನು ಕಂಡಿದ್ದೇನೆ, ಜಡೆ ಬಿಟ್ಟವರನ್ನು, ಚಪ್ಪಲಿ ಬಿಟ್ಟವರನ್ನು, ಅನ್ನ ಬಿಟ್ಟವರನ್ನು ಕಂಡಿದ್ದೇನೆ. ಒಂದು ಕೈಯ ನಾಲ್ಕು ಉಗುರನ್ನು ದೇವರಿಗೆ ಬಿಟ್ಟವರ ಸುದ್ದಿಯನ್ನು ಅಂದಿನವರೆಗೆ ನಾನು ಕೇಳಿರಲಿಲ್ಲ; ಆ ಹಿತ್ತಲಲ್ಲಿದ್ದ ಯಾರೂ ಕೇಳಿರಲಾರರು. ಆದರೆ ಒಬ್ಬರೂ ಸಂಶಯಪಡಲಿಲ್ಲ. ಒಬ್ಬಾಕೆ ನನ್ನ ಬಲಗೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನೊಬ್ಬಾಕೆ ನೆರಳಿಗೆ ಮಣೆ ಹಾಕಿ ಚಹಾ ತಂದುಕೊಟ್ಟಳು. ಮೊದಲ ರೊಟ್ಟಿಯನ್ನು ನನ್ನ ಬದಲು ಅತ್ತೆಯೇ ಬಡಿದರು. ಬಲಗೈ ದಾನದ ಕೈ, ಅದಕ್ಕೇ ಅದೊಂದೇ ಕೈ ಎಂಬ ವಿವರಣೆಯನ್ನೂ ಅವರೇ ಕಂಡುಹಿಡಿದರು. ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡರೂ ಯಾರ ತಲೆಗೂ ಹೋಗದಿದ್ದ ಉಗುರು ಒಂದು ಸುಳ್ಳಿನ ಆಸರೆಯಿಂದ ಗಳಿಗೆಯಲ್ಲಿ ಪೂಜ್ಯವಾಯಿತು.

ಆಮೇಲೆ ಶಂಕ್ರಮ್ಮ ಧ್ವನಿ ತಗ್ಗಿಸಿ, ಗಂಡುಹುಡುಗನ ಸಲುವಾಗಿ ಇರಬೇಕು ಎಂದರು. ನನಗಿರುವುದು ಒಬ್ಬಳೇ ಮಗಳು, ಐದನೆಯ ಇಯತ್ತೆಯ ಶ್ರಾವಣಿ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನಾನು ಎದ್ದು ನಿಂತು, ಹಾಗೇನೂ ಇಲ್ಲ, ಹರಕೆಯೇ ಇಲ್ಲ, ಇದು ಗಿಟಾರಿಗಾಗಿ ಬಿಟ್ಟ ಉಗುರು ಎಂದು ಸ್ಪಷ್ಟವಾಗಿ ಹೇಳಿದೆ. ಅವರೆಲ್ಲ ಮೆಚ್ಚುಗೆಯಿಂದ ತಲೆದೂಗಿದರು.

"ಖರೇ ಅದ ಬಿಡವ್ವ. ಹರಕಿ ಬಾಯಿ ಬಿಟ್ಟು ಹೇಳಬಾರದು," ಎಂದರು ಶಂಕ್ರಮ್ಮ.

ಇದಕ್ಕೆ ನೀವು ಏನು ಮಾಡುತ್ತೀರಿ ಹೇಳಿ. ನಿಜ ಹೇಳಿದರೆ ಭಕ್ತಿ ಎನ್ನುತ್ತಾರೆ, ಸುಮ್ಮನಿದ್ದರೆ ಒಪ್ಪಿದೆ ಎನ್ನುತ್ತಾರೆ. ಮದುವೆ ಮುಗಿದ ಮೇಲೆ ಹೊಸ ಜೋಡಿಯ ಜೊತೆ ನನ್ನನ್ನೂ ಸುಗೂರೇಶ್ವರನ ಗುಡಿಯಿರುವ ದೇವಸುಗೂರಿಗೆ ಕರೆದೊಯ್ಯಲು ಜೀಪು ಗೊತ್ತುಮಾಡುವ ಮಾತೂ ಅಲ್ಲಿಯೇ ಆಯಿತು. ಸುಗೂರೇಶ್ವರನ ಮೇಲೆ ನನಗೆ ದೂರಿಲ್ಲ, ಶ್ರಾವಣಿ ಹುಟ್ಟಿದಾಗ ತೊಟ್ಟಿಲಿಗೆ ಹಾಕುವ ಮುನ್ನ ನಾನೇ ಅವನಲ್ಲಿಗೆ ಹೋಗಿ ಬಂದವಳು. ಆದರೆ ಒಬ್ಬ ಹೆಂಗಸು ತನ್ನ ದೇಹದಲ್ಲಿ ಬೆಳೆಸಿಕೊಂಡದ್ದು ಏನೇ ಇರಲಿ, ಅದು ಗಂಡನಿಗಾಗಿ, ಇಲ್ಲವೇ ಮಗನಿಗಾಗಿ, ಇಲ್ಲವೇ ದೇವರಿಗಾಗಿ ಇರಬೇಕು. ಅವಳಿಗಾಗಿ, ಅವಳ ಕಿವಿಗೆ ಇಂಪೆನಿಸಿದ ಒಂದು ನಾದಕ್ಕಾಗಿ ಇರಬಾರದು ಎಂಬ ಕಾಯಿದೆಯನ್ನು ಯಾರು ಬರೆದರು?

ಅಂದು ಸಂಜೆ ಮಾಳಿಗೆಯ ಮೇಲೆ ಹಾಸಿದ ಧೋತರಗಳಲ್ಲಿ ಆರಿದ ರೊಟ್ಟಿಗಳನ್ನು ಜೋಡಿಸುತ್ತಿದ್ದೆ. ಶ್ರಾವಣಿ ಬಂದು ಪಕ್ಕದಲ್ಲಿ ಕುಳಿತಳು. ದಿನವೂ ನಾನು ಉಗುರು ತಿಕ್ಕುವಾಗ ಕಾಗದದ ಚೂರು ಕಸಿದು ತನ್ನ ಉಗುರಿಗೂ ತಿಕ್ಕಿಕೊಳ್ಳುವ ಹುಡುಗಿ, ಆ ಹೊತ್ತು ನನ್ನ ಕೈಯನ್ನು ದೂರದಿಂದ ನೋಡುತ್ತಿದ್ದಳು. ಕೊನೆಗೆ ಕೇಳಿದಳು:

"ಮಮ್ಮಿ, ನಾ ಸಾಲಂಗಿಲ್ಲೇನು ನಿನಗ?"

ಅವಳನ್ನು ತೊಡೆಯ ಮೇಲೆಳೆದುಕೊಂಡು ಅಜ್ಜಿ ಹೇಳಿದ್ದು ಸುಳ್ಳೆಂದೆ. ಈ ಉಗುರು ನೀನು ಹುಟ್ಟುವ ಮೊದಲಿನಿಂದಲೂ ಗಿಟಾರಿನದೇ ಎಂದು ಆಣೆ ಮಾಡಿದೆ. ಅವಳಿಗೆ ಅದು ಗೊತ್ತಿತ್ತು; ಗೊತ್ತಿದ್ದರೂ ಹಿತ್ತಲಿನ ಹೆಂಗಸರು ಅವಳ ಕಿವಿಗೊಂದು ಮಾತು ಹಾಕಿಬಿಟ್ಟಿದ್ದರು. ಗಿಟಾರಿಗೂ ಆಯಿತು, ತಮ್ಮನಿಗೂ ಆಯಿತು, ಎರಡೂ ಇರಬಹುದಲ್ಲ ಎಂದಿದ್ದರಂತೆ. ಹರಕೆ ಹೊತ್ತವರು ಇಲ್ಲವೆಂದೇ ಹೇಳಬೇಕಂತೆ. ಹೇಳಿದರೆ ದೇವರು ಫಲ ಕೊಡುವುದಿಲ್ಲವಂತೆ. ನನ್ನ ಮಾತನ್ನೆಲ್ಲ ಕೇಳಿ ಅವಳು ಸರಿ ಎಂದು ತಲೆಯಾಡಿಸಿದಳು, ದೊಡ್ಡವರು ನೋಯಬಾರದೆಂದು ಮಕ್ಕಳು ಆಡಿಸುತ್ತಾರಲ್ಲ, ಹಾಗೆ. ಬದುಕಿನಲ್ಲಿ ನನಗೆ ಬಂದ ಸಿಟ್ಟೆಲ್ಲ ಸೇರಿದರೂ ಆ ತಲೆಯಾಡಿಸುವಿಕೆ ಕೊಟ್ಟ ಸಿಟ್ಟಿಗೆ ಸಮವಾಗದು.

ಕೆಳಗಿಳಿದು ಅತ್ತೆಯನ್ನು ಹಿಡಿದು ನಿಲ್ಲಿಸಿದೆ. ಅವರಿಗೆಲ್ಲ ನೀವೇ ನಿಜ ಹೇಳಿರಿ ಎಂದೆ. ಹತ್ತು ಮಂದಿಯೆದುರು ನಿನ್ನ ಮರ್ಯಾದೆ ಉಳಿಸಲು ಹೇಳಿದೆ ಎಂದರು, ಉಗುರೂ ಉಳಿಯಿತಲ್ಲ ಎಂದರು, ಮದುವೆ ಮನೆಯಲ್ಲಿ ಅತ್ತೆ ಸುಳ್ಳಿ ಎನಿಸಿಕೊಳ್ಳುವುದು ನಿನಗೆ ಶೋಭೆಯೇ ಎಂದರು. ಮದುವೆಯಾಗಲಿ, ಆಮೇಲೆ ಹೇಳೋಣ ಎಂದೂ ಸೇರಿಸಿದರು. ಆಮೇಲೆ ಎಂಬುದು ಎಂದಿಗೂ ಬರುವುದಿಲ್ಲ ಎಂದು ಇತಿಹಾಸ ಕಲಿಸುವವಳಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಮೊಮ್ಮಗಳು ಕೇಳಿದ ಪ್ರಶ್ನೆಯನ್ನು ಅವರಿಗೆ ಹೇಳಿದೆ. ಅವರು ಹೊರಗಿನ ದೀಪ ಹಚ್ಚಲು ಹೋದರು.

ಮರುದಿನ ಮಂಗಳವಾರ. ಮಂಗಳವಾರ ಉಗುರು ತೆಗೆಯಬಾರದು, ಮನೆಯೊಳಗೆ ತೆಗೆಯಬಾರದು, ಮದುವೆಯ ಮನೆಯಲ್ಲಂತೂ ತೆಗೆಯಲೇಬಾರದು. ಹೆಂಗಸರೆಲ್ಲ ಬಂದು ಒಲೆಗಳ ಮುಂದೆ ಕುಳಿತ ಮೇಲೆ ನಾನು ಗಂಡನ ಗಡ್ಡದ ಸಾಮಾನಿನಿಂದ ನೇಲ್ ಕಟರ್ ತಂದು, ಶ್ರಾವಣಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಹೆಬ್ಬೆರಳಿನ ಉಗುರನ್ನು ತೆಗೆದೆ. ಆಮೇಲೆ ತೋರುಬೆರಳು, ನಡುಬೆರಳು. ಯಾರೋ ಹಾಯ್ ಯವ್ವಾ ಎಂದರು. ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ ಕೈಗಳು ನಿಂತವು. ಉಂಗುರ ಬೆರಳಿನದು ಸ್ವಲ್ಪ ದಪ್ಪ, ಕಟರಿಗೆ ಎರಡು ಸಲ ಬಲ ಹಾಕಬೇಕಾಯಿತು. ಬುದ್ಧಿಯಿಂದ ಮಾಡಿದ ಕೆಲಸ ಅದಲ್ಲ. ಆದರೆ ಮಾತು ನಂಬದ ಆ ಹಿತ್ತಲಿನಲ್ಲಿ ಹರಕೆಯಿಲ್ಲ ಎನ್ನಲು ಅವರಿಗೆ ತಿಳಿಯುವ ಭಾಷೆ ಅದೊಂದೇ ಉಳಿದಿತ್ತು. ದೇವರಿಗೆ ಬಿಟ್ಟದ್ದನ್ನು ಯಾರೂ ನೇಮ ತಪ್ಪಿ, ವಾರ ತಪ್ಪಿ, ಒಲೆಯ ಮುಂದೆ ಕುಳಿತು ಕತ್ತರಿಸುವುದಿಲ್ಲ.

"ನಾ ಯಾವ ದೇವ್ರಿಗೂ ಗಂಡುಮಗ ಬೇಕಂತ ಕೇಳಿಲ್ರಿ," ಎಂದೆ. "ನನಗ ಮಗಳದಾಳ."

ಶಂಕ್ರಮ್ಮ ಶ್ರಾವಣಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರು ಕೆಟ್ಟವರಲ್ಲ.

ಭಾನುವಾರ ಏನಾಯಿತು ಎಂದು ನೀವು ಕೇಳುವಿರಿ, ಕೇಳುವ ಹಕ್ಕು ನಿಮಗಿದೆ. ಮೇಷ್ಟ್ರು ಕೈಯಿಲ್ಲದ ಕುರ್ಚಿ ಹುಡುಕಿಸಿದ್ದರು. ಬರೀ ಬೆರಳಿನ ಮಾಂಸದಿಂದ ಬಾರಿಸಿದೆ. ವರ್ಷಗಟ್ಟಲೆ ತಿದ್ದಿಟ್ಟ ಆ ರಚನೆಯನ್ನು ಬಿಟ್ಟು, ನಿಧಾನದ ಸಣ್ಣ ಪುಟ್ಟವನ್ನು ಆರಿಸಿಕೊಂಡೆ. ನಾದ ಮೂರನೆಯ ಸಾಲನ್ನು ದಾಟಿತೋ ಇಲ್ಲವೋ, ಹಿಂದೆ ಕುಳಿತವರು ಮೊಬೈಲು ತೆಗೆದರು. ಮುಗಿದ ಮೇಲೆ ಒಬ್ಬರು ಬಂದು ಇದಕ್ಕೆ ಕರೆಂಟಿನದೇ ಬರುತ್ತದಲ್ಲ, ಅದನ್ನೇ ಯಾಕೆ ತೆಗೆದುಕೊಳ್ಳಬಾರದು ಎಂದು ಸಲಹೆ ಕೊಟ್ಟರು. ಕಲೆಗೆ ತ್ಯಾಗ ಮೆರುಗು ಕೊಡುತ್ತದೆ ಎಂಬ ಮಾತು ನೀವು ಎಲ್ಲಾದರೂ ಓದಿದ್ದರೆ ಮರೆತುಬಿಡಿ. ಉಗುರಿಲ್ಲದ ಕೈ ಉಗುರಿಲ್ಲದಂತೆಯೇ ಕೇಳಿಸುತ್ತದೆ. ನನ್ನ ಮೊದಲ ಕಛೇರಿಯನ್ನು ಒಂದು ರೊಟ್ಟಿಯ ಪದ್ಧತಿ, ಒಂದು ಒಳ್ಳೆಯ ಮನಸ್ಸಿನ ಸುಳ್ಳು, ಒಂದಷ್ಟು ಪ್ರೀತಿಯ ಹೆಂಗಸರು ಸೇರಿ ನುಂಗಿದರು, ಅದಕ್ಕಾಗಿ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟನ್ನು ಬಿಟ್ಟುಕೊಡುವ ಯೋಚನೆಯೂ ಇಲ್ಲ.

ಆದರೆ ಆ ಮಂಗಳವಾರದ ಹಿತ್ತಲಿನಲ್ಲಿ ಇನ್ನೊಂದು ನಡೆಯಿತು, ಅದನ್ನು ಹೇಳದೆ ಏಳಲಾರೆ. ನಾನು ಕಟರನ್ನು ಕೆಳಗಿಟ್ಟಾಗ ಅತ್ತೆ ಕೊಡ ಹೊತ್ತು ಬಾವಿಯ ಕಡೆಯಿಂದ ಬಂದರು. ನೆಲದ ಮೇಲೆ ಬಿದ್ದದ್ದನ್ನು ಕಂಡರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಶಕುನ ಕೆಟ್ಟಿತು ಎನ್ನುತ್ತಾರೋ, ಸೊಸೆ ಮಾನ ಕಳೆದಳು ಎನ್ನುತ್ತಾರೋ. ಅವರು ಕೊಡವನ್ನು ಇಳಿಸಿ ನನ್ನೆದುರು ಕುಕ್ಕರಗಾಲಲ್ಲಿ ಕುಳಿತು ನನ್ನ ಬಲಗೈಯನ್ನು ತೆಗೆದುಕೊಂಡು, ಒಂದೊಂದು ಬೆರಳ ತುದಿಯನ್ನೂ ತಮ್ಮ ಹೆಬ್ಬೆರಳಿನಿಂದ ಸವರಿ ನೋಡಿದರು. ಓಣಿಯ ಹೆಂಗಸರೆಲ್ಲ ಕೇಳುವಂತೆ, ಮೆಲ್ಲಗೆ ಅಲ್ಲ, ಗಟ್ಟಿಯಾಗಿಯೇ ಕೇಳಿದರು:

"ಇನ್ನ ಐತವಾರ ಹೆಂಗ ಬಾರಸ್ತಿ, ಯವ್ವಾ?"

ಭಾನುವಾರದ ಬೈಠಕ್ಕಿನ ವಿಷಯವನ್ನು ನಾನು ಅವರಿಗೆ ಹೇಳಿರಲಿಲ್ಲ. ಯಾವ ಬೆರಳಿನಿಂದ ಬಾರಿಸುವುದೆಂದೂ ಹೇಳಿರಲಿಲ್ಲ. ಗಿಟಾರಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಎಷ್ಟೋ ಪ್ರಶ್ನೆ ಕೇಳಿದ್ದಾರೆ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಪರರ ಮನೆಯ ಮೆಟ್ಟಿಲ ಮೇಲೆ. ಎಲ್ಲಕ್ಕೂ ನನ್ನಲ್ಲಿ ಚೂಪಾದ ಉತ್ತರವಿತ್ತು. ಹೇಗೆ ಬಾರಿಸುತ್ತೀ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ನೀವಿದನ್ನು ನಿನ್ನೆಯೇ ಇವರೆದುರು ಕೇಳಬಹುದಿತ್ತಲ್ಲ ಅತ್ತಿ ಎಂದು ಕಿರುಚಬೇಕೆನಿಸಿತು, ಕಿರುಚಲಿಲ್ಲ. ಗೊತ್ತಿಲ್ಲ ಎಂದೆ. ಅವರು ನನ್ನ ಕೈಯನ್ನು ಶ್ರಾವಣಿಯ ಕೈಗೆ ಕೊಟ್ಟು ಎದ್ದರು.

ಶಂಕ್ರಮ್ಮ ಪರಾತವನ್ನು ನನ್ನ ಮುಂದೆ ಸರಿಸಿದರು, ಆ ದಿನದ ಮೊದಲ ರೊಟ್ಟಿಯೂ ಹಿರಿ ಸೊಸೆಯದೇ. ಆದರೆ ಮಗಳು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು, ಬಿಡಲಿಲ್ಲ, ಹಾಗಾಗಿ ಆ ದಿನ ಒಲೆ ಉರಿಯುತ್ತಿದ್ದರೂ ರೊಟ್ಟಿ ಶುರುವಾಗುವುದು ತಡವಾಯಿತು.